ಕಾಫಿಪುಡಿಯ ತಾಜಾತನ: ಅಂಗಡಿಯಿಂದ ಅಡುಗೆಮನೆಯ ಡಬ್ಬಿಯವರೆಗೆ

ಕಾಫಿ ಬೆಳೆಯುವುದು ಮಲೆನಾಡಿನಲ್ಲಿ, ಕುಡಿಯುವುದು ನಾಡಿನೆಲ್ಲೆಡೆ. ದೇಶದ ಕಾಫಿ ಉತ್ಪಾದನೆಯಲ್ಲಿ ಸುಮಾರು ಶೇ. 70ರಷ್ಟು ಪಾಲು ಕರ್ನಾಟಕದ್ದಾಗಿದ್ದು, ಅದರ ಬಹುಭಾಗ ಕೊಡಗು, ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳಿಂದ ಬರುತ್ತದೆ. ಅಲ್ಲಿಂದ ಹೊರಟ ಬೀಜವು ಚಳ್ಳಕೆರೆ, ಮೊಳಕಾಲ್ಮೂರಿನಂತಹ ಬಯಲುಸೀಮೆಯ ಊರುಗಳನ್ನು ತಲುಪುವ ವೇಳೆಗೆ ಸಂಸ್ಕರಣೆ, ಹುರಿಯುವಿಕೆ, ಪುಡಿ ಮಾಡುವಿಕೆ, ಪ್ಯಾಕಿಂಗ್ ಹಾಗೂ ಸಾಗಣೆ ಎಂಬ ಹಲವು ಹಂತಗಳನ್ನು ದಾಟಿರುತ್ತದೆ. ಈ ಪ್ರತಿಯೊಂದು ಹಂತಕ್ಕೂ ಒಬ್ಬ ಜವಾಬ್ದಾರನಿದ್ದಾನೆ. ಆದರೆ ಕೊನೆಯ ಹಂತವಾದ ಗ್ರಾಹಕರ ಅಡುಗೆಮನೆಯ ಡಬ್ಬಿ ಮಾತ್ರ ಯಾರ ಲೆಕ್ಕಕ್ಕೂ ಸೇರುವುದಿಲ್ಲ.

ವ್ಯಾಪಾರದ ದೃಷ್ಟಿಯಿಂದ ಇದು ಸರಿಯಾದ ಕ್ರಮವಲ್ಲ. ಡಬ್ಬಿಯಲ್ಲಿದ್ದ ಪುಡಿ ಸಪ್ಪೆಯಾದಾಗ ಯಾವ ಗೃಹಿಣಿಯೂ ಡಬ್ಬಿಯನ್ನು ದೂರುವುದಿಲ್ಲ. "ಆ ಅಂಗಡಿಯ ಪುಡಿ ಮೊದಲಿನಂತಿಲ್ಲ" ಎನ್ನುತ್ತಾರೆ. ಮರುವಾರ ಬೇರೆ ಅಂಗಡಿಗೆ ಹೋಗುತ್ತಾರೆ, ಇಲ್ಲವೇ ಹೆಸರಾಂತ ಕಂಪನಿಯ ಇನ್‌ಸ್ಟಂಟ್ ಕಾಫಿಯ ಬಾಟಲಿಯನ್ನು ಕೊಳ್ಳುತ್ತಾರೆ. ಮನೆಯಲ್ಲಿ ಕಾಫಿಪುಡಿಯನ್ನು ಕಾಪಾಡುವ ವಿಧಾನವು ಕೇವಲ ಗೃಹಕೃತ್ಯದ ವಿಷಯವಲ್ಲ, ಚಿಲ್ಲರೆ ವರ್ತಕರ ಹಾಗೂ ಸಣ್ಣ ಪ್ರಮಾಣದಲ್ಲಿ ಕಾಫಿ ಹುರಿದು ಪುಡಿ ಮಾಡುವ ಉದ್ಯಮಿಗಳ ಲಾಭನಷ್ಟದ ವಿಷಯವೂ ಹೌದು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಕಾವಲಿನ ಸುತ್ತಲಿನ ಹೊಸ ಪೇಟೆ

ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲ್ ಮೈಸೂರು ಅರಸರ ಕಾಲದಿಂದಲೂ ಅಮೃತಮಹಲ್ ರಾಸುಗಳ ಹುಲ್ಲುಗಾವಲಿನ ಭಾಗವಾಗಿದ್ದ ಪ್ರದೇಶ. ಕಳೆದ ಒಂದೂವರೆ ದಶಕದಲ್ಲಿ ಈ ಸೀಮೆಯ ಚಿತ್ರ ಬದಲಾಗಿದೆ. ಉಳ್ಳಾರ್ತಿ ಕಾವಲಿನಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೂ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಗೂ ಭೂಮಿ ದೊರೆತಿದೆ. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದೆ. ವರವು ಕಾವಲಿನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯ ವೈಮಾನಿಕ ಪರೀಕ್ಷಾ ವಲಯವು 2017ರಲ್ಲಿ ಉದ್ಘಾಟನೆಗೊಂಡಿತು. ಇಸ್ರೋದ ಮರುಬಳಕೆಯ ಉಡಾವಣಾ ವಾಹನದ ಭೂಸ್ಪರ್ಶ ಪರೀಕ್ಷೆಗಳು 2023 ಮತ್ತು 2024ರಲ್ಲಿ ನಡೆದದ್ದು ಇಲ್ಲಿಯೇ. ಇಂತಹ ಸಂಸ್ಥೆಗಳ ಜೊತೆಗೆ ಬರುವ ನೌಕರರು, ಗುತ್ತಿಗೆದಾರರು, ತರಬೇತಿಗೆಂದು ಬರುವವರು ಫಿಲ್ಟರ್ ಕಾಫಿಯ ರುಚಿ ಬಲ್ಲವರು. ಪುಡಿಯ ಗುಣಮಟ್ಟವನ್ನು ಬೆಂಗಳೂರು, ಮೈಸೂರುಗಳ ಅಂಗಡಿಗಳೊಡನೆ ಹೋಲಿಸಿ ನೋಡುವವರು.

ಇದೇ ಅವಧಿಯಲ್ಲಿ ಕಾಫಿಯ ಧಾರಣೆಯೂ ಏರಿತು. ಬ್ರೆಜಿಲ್ ಮತ್ತು ವಿಯೆಟ್ನಾಂಗಳಲ್ಲಿ ಮಳೆಯ ಅಭಾವದಿಂದ ಫಸಲು ಕುಂಠಿತವಾದ ಪರಿಣಾಮವಾಗಿ 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಪೇಟೆಯಲ್ಲಿ ಅರೇಬಿಕಾ ಕಾಫಿಯ ಬೆಲೆ ಪೌಂಡಿಗೆ 4 ಡಾಲರ್ ದಾಟಿ ದಾಖಲೆ ನಿರ್ಮಿಸಿತು. ಅದರ ಬಿಸಿ ಇಲ್ಲಿನ ಚಿಲ್ಲರೆ ಅಂಗಡಿಗಳಿಗೂ ತಟ್ಟಿತು. ಪುಡಿ ಅಗ್ಗವಿದ್ದಾಗ ಸ್ವಲ್ಪ ಹಾಳಾದರೂ ಯಾರೂ ಗಮನಿಸುತ್ತಿರಲಿಲ್ಲ. ದುಬಾರಿಯಾದಾಗ ಪ್ರತಿ ಚಮಚದ ಲೆಕ್ಕವೂ ಬೇಕಾಗುತ್ತದೆ.

ಶೇಂಗಾ ವರ್ತಕರಿಗೆ ತಿಳಿದ ನಿಯಮ

ಕಾಫಿಯ ಕೆಡುವಿಕೆಯನ್ನು ಅರ್ಥ ಮಾಡಿಕೊಳ್ಳಲು ಎಣ್ಣೆ ಗಿರಣಿಗಳಿಗೆ ಹೆಸರಾದ ಚಳ್ಳಕೆರೆಯ ವರ್ತಕರು ದೂರ ಹೋಗಬೇಕಾಗಿಲ್ಲ. ಶೇಂಗಾವನ್ನು ಸಿಪ್ಪೆಸಹಿತ ಕಾಯಿಯಾಗಿ ಒಣ ಗೋದಾಮಿನಲ್ಲಿಟ್ಟರೆ ಬಹುಕಾಲ ಬಾಳುತ್ತದೆ. ಸಿಪ್ಪೆ ಸುಲಿದು ಬೀಜವಾಗಿಸಿದರೆ ಅದರ ಬಾಳಿಕೆ ಕಡಿಮೆಯಾಗುತ್ತದೆ. ಬೀಜವನ್ನು ಹುರಿದು ಪುಡಿ ಮಾಡಿಟ್ಟರೆ ಕೆಲವೇ ದಿನಗಳಲ್ಲಿ ಕಮಟು ವಾಸನೆ ಬರತೊಡಗುತ್ತದೆ. ಒಂದು ಪದಾರ್ಥವನ್ನು ಎಷ್ಟು ಒಡೆದು ಬಿಡಿಸುತ್ತೇವೆಯೋ ಅದರ ಆಯುಷ್ಯ ಅಷ್ಟು ಕುಗ್ಗುತ್ತದೆ ಎಂಬುದು ಇಲ್ಲಿನ ನಿಯಮ.

ಕಾಫಿಗೂ ಇದೇ ನಿಯಮ ಅನ್ವಯಿಸುತ್ತದೆ. ಸುಮಾರು ಶೇ. 10ರಿಂದ 12ರಷ್ಟು ತೇವಾಂಶಕ್ಕೆ ಒಣಗಿಸಿದ, ಹುರಿಯದ ಕಾಫಿ ಬೀಜವು ಒಣ ಹಾಗೂ ತಂಪಾದ ಸ್ಥಳದಲ್ಲಿ ಒಂದು ವರ್ಷದವರೆಗೂ ಹೆಚ್ಚಿನ ಗುಣನಷ್ಟವಿಲ್ಲದೆ ಉಳಿಯುತ್ತದೆ. ಹುರಿದ ಬೀಜದ ಉತ್ತಮ ಅವಧಿಯನ್ನು ವಾರಗಳಲ್ಲಿ ಎಣಿಸಬೇಕು. ಪುಡಿಯ ಉತ್ತಮ ಅವಧಿಯನ್ನು ದಿನಗಳಲ್ಲಿ ಎಣಿಸಬೇಕು. ಆದ್ದರಿಂದ ಕಾಫಿಯನ್ನು ಸಾಧ್ಯವಾದಷ್ಟು ಕಾಲ ಹಿಂದಿನ ಹಂತದಲ್ಲಿಯೇ ಉಳಿಸಿಕೊಂಡು, ಬೇಕಾದಾಗ ಮಾತ್ರ ಮುಂದಿನ ಹಂತಕ್ಕೆ ಒಯ್ಯುವುದೇ ಸಂಗ್ರಹಣೆಯ ಮೂಲಸೂತ್ರ. ಡಬ್ಬಿ, ಮುಚ್ಚಳ, ಫ್ರಿಜ್ ಮೊದಲಾದವುಗಳೆಲ್ಲ ಈ ಸೂತ್ರದ ನಂತರ ಬರುವ ಮಾತು.

ಹುರಿದ ಮೇಲೆ ಬೀಜದಲ್ಲಿ ನಡೆಯುವುದೇನು?

ಸುಮಾರು 200 ಡಿಗ್ರಿ ಸೆಲ್ಸಿಯಸ್ ಹಾಗೂ ಅದಕ್ಕೂ ಮೀರಿದ ಶಾಖದಲ್ಲಿ ಕಾಫಿ ಬೀಜವನ್ನು ಹುರಿಯಲಾಗುತ್ತದೆ. ಆಗ ಬೀಜವು ತನ್ನ ತೇವಾಂಶವನ್ನು ಬಹುಪಾಲು ಕಳೆದುಕೊಂಡು, ತೂಕದಲ್ಲಿ ಕುಗ್ಗಿ, ಗಾತ್ರದಲ್ಲಿ ಉಬ್ಬುತ್ತದೆ. ಹುರಿದ ಕಾಫಿಯಲ್ಲಿ ಗುರುತಿಸಲಾದ ಪರಿಮಳದ ಅಂಶಗಳು 800ನ್ನು ಮೀರುತ್ತವೆ. ಇವುಗಳಲ್ಲಿ ಅನೇಕವು ಅತ್ಯಂತ ಚಂಚಲವಾದವು. ಗಾಳಿಗೆ ತೆರೆದಿಟ್ಟರೆ ಹಾರಿಹೋಗುತ್ತವೆ, ಇಲ್ಲವೇ ಆಮ್ಲಜನಕದೊಡನೆ ಸೇರಿ ಬೇರೆ ರೂಪ ತಾಳುತ್ತವೆ.

ಹುರಿಯುವಾಗ ಬೀಜದೊಳಗೆ ಇಂಗಾಲದ ಡೈಆಕ್ಸೈಡ್ ಅನಿಲವೂ ಉತ್ಪತ್ತಿಯಾಗುತ್ತದೆ. ಇದರ ಒಂದು ಭಾಗ ಬೀಜದ ಸೂಕ್ಷ್ಮ ರಂಧ್ರಗಳಲ್ಲಿ ಸಿಕ್ಕಿಕೊಂಡಿದ್ದು, ಹಲವು ದಿನಗಳ ಕಾಲ ನಿಧಾನವಾಗಿ ಹೊರಬರುತ್ತದೆ. ಒಂದು ಕಿಲೋಗ್ರಾಂ ಹುರಿದ ಬೀಜದಿಂದ ಹೊರಬೀಳುವ ಅನಿಲದ ಪ್ರಮಾಣ ಹಲವು ಲೀಟರುಗಳಷ್ಟಿರುತ್ತದೆ. ಈ ಅನಿಲ ಹೊರಬರುತ್ತಿರುವಷ್ಟು ಕಾಲ ಹೊರಗಿನ ಗಾಳಿ ಒಳಗೆ ಸೇರುವುದು ಕಷ್ಟ. ಅಂದರೆ ಬೀಜವು ತನ್ನ ರಕ್ಷಣೆಯನ್ನು ತಾನೇ ಸ್ವಲ್ಪಮಟ್ಟಿಗೆ ಮಾಡಿಕೊಳ್ಳುತ್ತದೆ.

ಬೀಜವನ್ನು ಪುಡಿ ಮಾಡಿದೊಡನೆ ಈ ರಕ್ಷಣೆ ಮುರಿದುಬೀಳುತ್ತದೆ. ಅನಿಲದ ದೊಡ್ಡ ಭಾಗವು ಗಿರಣಿಯಲ್ಲಿಯೂ ಆನಂತರದ ಕೆಲವು ನಿಮಿಷಗಳಲ್ಲಿಯೂ ಹೊರಟುಹೋಗುತ್ತದೆ. ಗಾಳಿಗೆ ಒಡ್ಡಿಕೊಳ್ಳುವ ಮೈ ಹಲವು ಪಟ್ಟು ಹೆಚ್ಚುತ್ತದೆ. ಕಾಫಿ ಪುಡಿ ಮಾಡುವ ಅಂಗಡಿಯ ಮುಂದೆ ಹಾದುಹೋಗುವವರಿಗೆಲ್ಲ ಬರುವ ಆ ಸುವಾಸನೆಯು ವಾಸ್ತವವಾಗಿ ಗ್ರಾಹಕರ ಲೋಟವನ್ನು ಸೇರಬೇಕಾಗಿದ್ದ ಸರಕು.

ಕಾಫಿಯ ಐದು ಶತ್ರುಗಳು

ಗಾಳಿ, ತೇವ, ಶಾಖ, ಬೆಳಕು ಮತ್ತು ಪರವಾಸನೆ ಇವು ಹುರಿದ ಕಾಫಿಯ ಐದು ಶತ್ರುಗಳು.

ಇವುಗಳಲ್ಲಿ ಗಾಳಿಯೇ ಪ್ರಧಾನ. ಅರೇಬಿಕಾ ಬೀಜದಲ್ಲಿ ಸುಮಾರು ಶೇ. 15ರಷ್ಟು, ರೊಬಸ್ಟಾದಲ್ಲಿ ಸುಮಾರು ಶೇ. 10ರಷ್ಟು ಜಿಡ್ಡಿನ ಅಂಶವಿರುತ್ತದೆ. ಆಮ್ಲಜನಕದ ಸಂಪರ್ಕದಿಂದ ಶೇಂಗಾ ಎಣ್ಣೆ ಕಮಟಾಗುವಂತೆಯೇ ಈ ಜಿಡ್ಡೂ ಕಾಲಕ್ರಮದಲ್ಲಿ ಕಮಟಾಗುತ್ತದೆ. ಆದರೆ ಅದಕ್ಕೂ ಮುಂಚೆಯೇ, ಮೊದಲ ಕೆಲವು ದಿನಗಳಲ್ಲಿ, ಪರಿಮಳದ ಸೂಕ್ಷ್ಮಾಂಶಗಳು ನಷ್ಟವಾಗಿರುತ್ತವೆ.

ಎರಡನೆಯದು ತೇವ. ಆಹಾರ ಸುರಕ್ಷತಾ ನಿಯಮಗಳ ಪ್ರಕಾರ ಹುರಿದ ಕಾಫಿಪುಡಿಯ ತೇವಾಂಶ ಶೇ. 5ನ್ನು ಮೀರಬಾರದು. ಇಷ್ಟು ಒಣಗಿದ ಪದಾರ್ಥವು ಸುತ್ತಲಿನ ಗಾಳಿಯಿಂದ ತೇವವನ್ನು ಹೀರಿಕೊಳ್ಳಲು ಸದಾ ಸಿದ್ಧವಾಗಿರುತ್ತದೆ. ಕಾಫಿಯ ಈ ಹೀರುವ ಗುಣವನ್ನೇ ಬಳಸಿಕೊಂಡು ಕರಾವಳಿಯಲ್ಲಿ ಒಂದು ವಿಶೇಷ ಸರಕನ್ನು ತಯಾರಿಸಲಾಗುತ್ತದೆ. ಹುರಿಯದ ಬೀಜವನ್ನು ಮಳೆಗಾಲದ ಸಮುದ್ರಗಾಳಿಗೆ ವಾರಗಟ್ಟಲೆ ಹರಡಿಟ್ಟು ಸಿದ್ಧಪಡಿಸುವ 'ಮಾನ್ಸೂನ್ಡ್ ಮಲಬಾರ್' ಕಾಫಿಗೆ ಯೂರೋಪಿನಲ್ಲಿ ಒಳ್ಳೆಯ ಬೇಡಿಕೆಯಿದೆ. ಅಲ್ಲಿ ತೇವವು ಉದ್ದೇಶಪೂರ್ವಕವಾಗಿ, ಹುರಿಯುವ ಮೊದಲು ಕೊಟ್ಟದ್ದು. ಹುರಿದ ನಂತರ ತಾನಾಗಿ ಸೇರುವ ತೇವದಿಂದ ಯಾವ ಗುಣವೂ ಬಾರದು.

ಮೂರನೆಯದು ಶಾಖ. ಉಷ್ಣಾಂಶವು 10 ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಗಳ ವೇಗ ಸ್ಥೂಲವಾಗಿ ಇಮ್ಮಡಿಯಾಗುತ್ತದೆ. ಮಡಿಕೇರಿಯ ಮನೆಯೊಂದರಲ್ಲಿ ಎರಡು ವಾರ ಚೆನ್ನಾಗಿರುವ ಪುಡಿ, ಬೇಸಿಗೆಯಲ್ಲಿ ಚಳ್ಳಕೆರೆಯ ತಗಡಿನ ಸೂರಿನ ಕೆಳಗೆ ಅಷ್ಟು ಕಾಲ ಬಾಳಲಾರದು. ನಾಲ್ಕನೆಯದಾದ ಬೆಳಕು, ಅದರಲ್ಲಿಯೂ ನೇರ ಬಿಸಿಲು, ಜಿಡ್ಡಿನ ಕೆಡುವಿಕೆಯನ್ನು ತ್ವರಿತಗೊಳಿಸುತ್ತದೆ. ಐದನೆಯದು ಪರವಾಸನೆ. ಫ್ರಿಜ್ಜಿನ ದುರ್ವಾಸನೆ ತೆಗೆಯಲು ಕೆಲವರು ಬಟ್ಟಲಿನಲ್ಲಿ ಕಾಫಿಪುಡಿ ಇಡುವುದುಂಟು. ಅದೇ ಗುಣದಿಂದಾಗಿ ಮಸಾಲೆ, ಇಂಗು, ಸೋಪು, ಊದುಬತ್ತಿಗಳ ಪಕ್ಕದಲ್ಲಿಟ್ಟ ಪುಡಿಯು ಅವುಗಳ ವಾಸನೆಯನ್ನು ತನ್ನೊಳಗೆ ಸೆಳೆದುಕೊಳ್ಳುತ್ತದೆ.

ಬಯಲುಸೀಮೆಗೆ ಬೇರೆಯದೇ ಲೆಕ್ಕ

ಮಲೆನಾಡಿನವರಿಗೆ ತೇವವೇ ದೊಡ್ಡ ಶತ್ರು. ಚಳ್ಳಕೆರೆ ಮತ್ತು ಮೊಳಕಾಲ್ಮೂರು ರಾಜ್ಯದ ಅತ್ಯಂತ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿಗೆ ಸೇರಿದವು. ವರ್ಷದ ಬಹುಭಾಗ ಇಲ್ಲಿನ ಗಾಳಿ ಒಣಗಿರುವುದರಿಂದ ಪುಡಿ ಗಂಟು ಕಟ್ಟುವುದು ಅಪರೂಪ. ಪುಡಿ ಉದುರುದುರಾಗಿದ್ದರೆ ಅದು ಕೆಟ್ಟಿಲ್ಲವೆಂದು ಗ್ರಾಹಕರೂ ವರ್ತಕರೂ ಭಾವಿಸುವುದು ಸಹಜ. ಆದರೆ ಈ ಭಾವನೆ ಪೂರ್ತಿ ಸರಿಯಲ್ಲ. ಇಲ್ಲಿನ ಮುಖ್ಯ ಶತ್ರುಗಳು ಶಾಖ ಮತ್ತು ಗಾಳಿ. ಇವೆರಡೂ ಕಣ್ಣಿಗೆ ಕಾಣುವ ಗುರುತು ಬಿಡುವುದಿಲ್ಲ. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಹಗಲಿನ ಉಷ್ಣಾಂಶ 38ರಿಂದ 40 ಡಿಗ್ರಿಯನ್ನು ಸಮೀಪಿಸುವ ಈ ಸೀಮೆಯಲ್ಲಿ, ನೋಡಲು ಹೊಸದರಂತೆಯೇ ಇರುವ ಪುಡಿಯು ಒಳಗೆ ಸಪ್ಪೆಯಾಗಿರುವುದು ಸಾಧ್ಯ.

ಇದನ್ನು ಪರೀಕ್ಷಿಸಲು ಒಂದು ಸುಲಭ ವಿಧಾನವಿದೆ. ಫಿಲ್ಟರಿಗೆ ಹಾಕಿದ ಪುಡಿಯ ಮೇಲೆ ಬಿಸಿನೀರು ಸುರಿದಾಗ, ಹೊಸ ಪುಡಿಯಾದರೆ ಒಳಗೆ ಉಳಿದಿರುವ ಅನಿಲ ಹೊರಬಂದು ಪುಡಿ ಮೇಲಕ್ಕುಬ್ಬಿ ನೊರೆ ಕಾಣಿಸುತ್ತದೆ. ಹಳೆಯ ಪುಡಿಯಾದರೆ ನೀರು ಹಾಗೆಯೇ ನಿಲ್ಲುತ್ತದೆ. ಚಿಕೋರಿ ಹೆಚ್ಚಿರುವ ಮಿಶ್ರಣದಲ್ಲಿ ಈ ಗುರುತು ಅಷ್ಟು ಸ್ಪಷ್ಟವಾಗಿರುವುದಿಲ್ಲ ಎಂಬುದನ್ನು ಮಾತ್ರ ನೆನಪಿನಲ್ಲಿಡಬೇಕು.

ಚಿಕೋರಿಯ ವಿಚಾರ

ದಕ್ಷಿಣ ಭಾರತದ ಫಿಲ್ಟರ್ ಕಾಫಿಯಲ್ಲಿ ಚಿಕೋರಿಗೆ ಗಟ್ಟಿಯಾದ ಸ್ಥಾನವಿದೆ. ಗುಜರಾತ್ ಮತ್ತು ಉತ್ತರ ಪ್ರದೇಶಗಳಲ್ಲಿ ಬೆಳೆಯುವ ಈ ಬೇರನ್ನು ಒಣಗಿಸಿ, ಹುರಿದು, ಪುಡಿ ಮಾಡಿ ಕಾಫಿಗೆ ಬೆರೆಸಲಾಗುತ್ತದೆ. ಇದರಿಂದ ಡಿಕಾಕ್ಷನ್ನಿಗೆ ಬಣ್ಣ ಮತ್ತು ಮಂದತೆ ಬರುತ್ತದೆ. ಕಾನೂನಿನಂತೆ ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿಯ ಪ್ರಮಾಣ ಶೇ. 51ಕ್ಕಿಂತ ಕಡಿಮೆ ಇರಬಾರದು. ಎರಡರ ಶೇಕಡಾವಾರು ಪ್ರಮಾಣವನ್ನೂ ಲೇಬಲಿನ ಮೇಲೆ ನಮೂದಿಸತಕ್ಕದ್ದು.

ಸಂಗ್ರಹಣೆಯ ದೃಷ್ಟಿಯಿಂದ ಚಿಕೋರಿಯ ಸ್ವಭಾವ ಕಾಫಿಗಿಂತ ಭಿನ್ನವಾದುದು. ಅದರಲ್ಲಿ ಸಕ್ಕರೆಯ ಅಂಶ ಹೆಚ್ಚಿರುವುದರಿಂದ ತೇವವನ್ನು ಬೇಗನೆ ಹೀರಿ, ಮೊದಲು ಜಿಗುಟಾಗಿ, ಅನಂತರ ಕಲ್ಲಿನಂತೆ ಗಟ್ಟಿಯಾಗುತ್ತದೆ. ಮಳೆ ಹಿಡಿಯುವ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಬಯಲುಸೀಮೆಯಲ್ಲಿಯೂ ಈ ತೊಂದರೆ ಕಾಣಿಸಿಕೊಳ್ಳಬಹುದು. ಆದುದರಿಂದ ವರ್ತಕರು ಚಿಕೋರಿಯನ್ನು ಪ್ರತ್ಯೇಕವಾಗಿ, ಬಿಗಿಯಾದ ಡಬ್ಬಿಗಳಲ್ಲಿ ಇಟ್ಟುಕೊಂಡು, ಗ್ರಾಹಕರು ಕೇಳಿದಾಗ ಅವರೆದುರಿಗೇ ತೂಗಿ ಬೆರೆಸುವುದು ಉತ್ತಮ. ಇದರಿಂದ ಪುಡಿ ಹೊಸದಾಗಿರುತ್ತದೆ, ಅಳತೆಯ ಬಗ್ಗೆ ಗ್ರಾಹಕರಿಗೆ ನಂಬಿಕೆಯೂ ಬರುತ್ತದೆ.

ಮನೆಯಲ್ಲಿ ಅನುಸರಿಸಬೇಕಾದ ಕ್ರಮ

ಗ್ರಾಹಕರಿಗೆ ಹೇಳಬೇಕಾದ ಮೊದಲ ಮಾತು ಕೊಳ್ಳುವ ಪ್ರಮಾಣದ್ದು. ದಿನಕ್ಕೆ 30 ಗ್ರಾಂ ಪುಡಿ ಬಳಸುವ ಮನೆಯೊಂದರಲ್ಲಿ 250 ಗ್ರಾಂ ಪೊಟ್ಟಣ ಎಂಟು ದಿನಕ್ಕೂ, ಅರ್ಧ ಕಿಲೋ ಸುಮಾರು ಹದಿನಾರು ದಿನಕ್ಕೂ, ಒಂದು ಕಿಲೋ ಒಂದು ತಿಂಗಳಿಗೂ ಸಾಕಾಗುತ್ತದೆ. ಪೊಟ್ಟಣ ಒಡೆದ ನಂತರದ ಒಂದೆರಡು ವಾರಗಳೇ ಪುಡಿಯ ಒಳ್ಳೆಯ ಕಾಲವಾದ್ದರಿಂದ, ತಿಂಗಳ ದಿನಸಿಯ ಪಟ್ಟಿಯಲ್ಲಿ ಒಂದು ಕಿಲೋ ಕಾಫಿಪುಡಿ ಬರೆಯುವ ರೂಢಿಗಿಂತ, ವಾರಕ್ಕೊಮ್ಮೆ ಕಾಲು ಕಿಲೋ ಕೊಳ್ಳುವುದು ಲೇಸು.

ದುಡ್ಡಿನ ಲೆಕ್ಕವನ್ನೂ ನೋಡಬಹುದು. ಉದಾಹರಣೆಗಾಗಿ ಪುಡಿಯ ಬೆಲೆ ಕಿಲೋಗೆ 800 ರೂಪಾಯಿ ಎಂದಿಟ್ಟುಕೊಂಡರೆ, ದಿನದ 30 ಗ್ರಾಂಗೆ 24 ರೂಪಾಯಿ ಆಗುತ್ತದೆ. ಪುಡಿ ಸಪ್ಪೆಯಾಗಿ, ಅದೇ ಘಾಟಿಗಾಗಿ 40 ಗ್ರಾಂ ಹಾಕಬೇಕಾಗಿ ಬಂದರೆ ಖರ್ಚು 32 ರೂಪಾಯಿಗೇರುತ್ತದೆ. ದಿನಕ್ಕೆ 8 ರೂಪಾಯಿಯಂತೆ ತಿಂಗಳಿಗೆ 240 ರೂಪಾಯಿ ಅನಾವಶ್ಯಕವಾಗಿ ಹೋಗುತ್ತದೆ. ಹೆಚ್ಚು ಹಾಕಿದರೂ ಕಳೆದುಹೋದ ಪರಿಮಳ ಮರಳುವುದಿಲ್ಲ, ಕಹಿ ಮಾತ್ರ ಹೆಚ್ಚುತ್ತದೆ.

ಎರಡನೆಯದು ಡಬ್ಬಿ. ಸ್ಟೀಲ್ ಡಬ್ಬಿ ಬೆಳಕನ್ನು ತಡೆಯುತ್ತದೆ, ವಾಸನೆ ಹಿಡಿಯುವುದಿಲ್ಲ. ಆದರೆ ಸಾಮಾನ್ಯ ಸ್ಟೀಲ್ ಡಬ್ಬಿಯ ಮುಚ್ಚಳದ ಸಂದಿನಲ್ಲಿ ಗಾಳಿ ಆಡುತ್ತದೆ. ರಬ್ಬರ್ ಪಟ್ಟಿಯಿರುವ ಬಿಗಿ ಮುಚ್ಚಳ ಬೇಕು. ಗಾಜಿನ ಭರಣಿ ಒಳ್ಳೆಯದೇ, ಆದರೆ ಅದನ್ನು ಮುಚ್ಚಿದ ಕಪಾಟಿನೊಳಗೆ ಇಡಬೇಕು. ಪ್ಲಾಸ್ಟಿಕ್ ಡಬ್ಬಿಗಳು ಹಿಂದೆ ಇಟ್ಟಿದ್ದ ಪದಾರ್ಥದ ವಾಸನೆಯನ್ನು ಉಳಿಸಿಕೊಳ್ಳುವುದರಿಂದ ಅಷ್ಟು ಪ್ರಶಸ್ತವಲ್ಲ. ಡಬ್ಬಿಯ ಗಾತ್ರ ಪುಡಿಯ ಪ್ರಮಾಣಕ್ಕೆ ತಕ್ಕಂತಿರಬೇಕು. ಒಂದು ಕಿಲೋ ಡಬ್ಬಿಯ ತಳದಲ್ಲಿ 100 ಗ್ರಾಂ ಪುಡಿ ಇದ್ದರೆ ಉಳಿದ ಜಾಗವನ್ನೆಲ್ಲ ಗಾಳಿ ತುಂಬಿರುತ್ತದೆ. ಕಂಪನಿಯ ದಪ್ಪ ಪೊಟ್ಟಣದಲ್ಲಿ ಬಂದ ಪುಡಿಯನ್ನು ಡಬ್ಬಿಗೆ ಸುರಿಯದೆ, ಪೊಟ್ಟಣದ ಗಾಳಿಯನ್ನು ಒತ್ತಿ ತೆಗೆದು, ಬಾಯಿ ಮಡಿಸಿ ಕ್ಲಿಪ್ ಹಾಕಿ, ಪೊಟ್ಟಣದ ಸಮೇತ ಡಬ್ಬಿಯೊಳಗಿಡುವುದು ಹೆಚ್ಚು ಸುರಕ್ಷಿತ.

ಮೂರನೆಯದು ಜಾಗ. ಒಲೆಯ ಪಕ್ಕದ ಗೂಡು, ಒಲೆಯ ಮೇಲಿನ ಕಪಾಟು, ಬಿಸಿಲು ಬೀಳುವ ಕಿಟಕಿ, ಫ್ರಿಜ್ಜಿನ ನೆತ್ತಿ ಇವೆಲ್ಲ ಶಾಖದ ಸ್ಥಾನಗಳು. ಕೈಗೆ ಸಿಗಲೆಂದು ಹೆಚ್ಚಿನ ಮನೆಗಳಲ್ಲಿ ಕಾಫಿಡಬ್ಬಿ ಇರುವುದು ಇಲ್ಲಿಯೇ. ನೆಲಮಟ್ಟಕ್ಕೆ ಹತ್ತಿರವಿರುವ, ಬಿಸಿಲು ತಾಗದ ಒಳಗೋಡೆಯ ಗೂಡು ಬೇಸಿಗೆಯಲ್ಲಿ ಹೆಚ್ಚು ತಂಪಾಗಿರುತ್ತದೆ.

ನಾಲ್ಕನೆಯದು ಬಳಕೆಯ ಶಿಸ್ತು. ಒದ್ದೆ ಚಮಚ ಹಾಕಬಾರದು. ಕುದಿಯುವ ನೀರಿನ ಪಾತ್ರೆಯ ಹಬೆಯ ಮೇಲೆ ಡಬ್ಬಿ ತೆರೆಯಬಾರದು. ಹಳೆಯ ಪುಡಿಯ ಮೇಲೆ ಹೊಸ ಪುಡಿ ಸುರಿಯಬಾರದು. ಡಬ್ಬಿ ಖಾಲಿಯಾದಾಗ ಒಳಗೆ ಅಂಟಿರುವ ಜಿಡ್ಡನ್ನು ತೊಳೆದು, ಪೂರ್ತಿ ಒಣಗಿಸಿ, ಅನಂತರವೇ ತುಂಬಬೇಕು. ಹಳೆಯ ಜಿಡ್ಡಿನ ಕಮಟು ಹೊಸ ಪುಡಿಗೂ ಹತ್ತುತ್ತದೆ.

ಫ್ರಿಜ್ಜಿನಲ್ಲಿಡಬಹುದೇ?

ಗ್ರಾಹಕರು ಕೇಳುವ ಈ ಪ್ರಶ್ನೆಗೆ ಎರಡು ಉತ್ತರಗಳಿವೆ. ದಿನವೂ ತೆರೆಯುವ ಡಬ್ಬಿಯನ್ನು ಫ್ರಿಜ್ಜಿನಲ್ಲಿಡುವುದು ಒಳ್ಳೆಯದಲ್ಲ. ತಣ್ಣಗಿನ ಡಬ್ಬಿಯನ್ನು ಹಬೆಯಾಡುವ ಅಡುಗೆಮನೆಯಲ್ಲಿ ತೆರೆದಾಗ ಗಾಳಿಯ ತೇವವು ಪುಡಿಯ ಮೇಲೆ ಹನಿಗಟ್ಟುತ್ತದೆ. ಫ್ರಿಜ್ಜಿನಲ್ಲಿರುವ ಈರುಳ್ಳಿ, ಸಾರು, ಹಿಟ್ಟುಗಳ ವಾಸನೆಯೂ ಸೇರುತ್ತದೆ.

ಆದರೆ ದೂರದ ಹಳ್ಳಿಗಳಲ್ಲಿರುವವರು ತಿಂಗಳಿಗೊಮ್ಮೆ ಮಾತ್ರ ಪೇಟೆಗೆ ಬರುವುದುಂಟು. ಅಂತಹವರು ಪುಡಿಯನ್ನು 100 ಗ್ರಾಂನಂತೆ ಸಣ್ಣ ಪೊಟ್ಟಣಗಳಾಗಿ ಗಾಳಿಯಾಡದಂತೆ ಸೀಲ್ ಮಾಡಿಸಿಕೊಂಡು, ಫ್ರಿಜ್ಜಿನ ಹಿಮದ ಖಾನೆಯಲ್ಲಿ ಇಡಬಹುದು. ಒಂದೊಂದೇ ಪೊಟ್ಟಣವನ್ನು ಹೊರತೆಗೆದು, ಅದು ಕೋಣೆಯ ಉಷ್ಣಾಂಶಕ್ಕೆ ಬಂದ ಮೇಲೆಯೇ ಒಡೆಯಬೇಕು. ಒಡೆದದ್ದನ್ನು ಮತ್ತೆ ಒಳಗಿಡಬಾರದು. ಉಳಿದ ಡಿಕಾಕ್ಷನ್ನನ್ನು ಮುಚ್ಚಿದ ಪಾತ್ರೆಯಲ್ಲಿ ಫ್ರಿಜ್ಜಿನಲ್ಲಿಟ್ಟು ಮರುದಿನದೊಳಗೆ ಮುಗಿಸುವುದು ಒಳ್ಳೆಯದು.

ಸಪ್ಪೆಯಾದ ಪುಡಿಯಿಂದ ಆರೋಗ್ಯಕ್ಕೆ ಹಾನಿಯಿಲ್ಲ. ನಷ್ಟವಾಗುವುದು ರುಚಿ ಮಾತ್ರ. ಆದರೆ ತೇವ ತಗಲಿ ಬೂಷ್ಟು ಹಿಡಿದ ಪುಡಿಯನ್ನು ಎಸೆಯಲೇಬೇಕು. ಇನ್‌ಸ್ಟಂಟ್ ಕಾಫಿಯ ಸ್ವಭಾವ ಬೇರೆ. ಅದು ಒಣಗಿದ್ದಷ್ಟು ಕಾಲ ತಿಂಗಳುಗಟ್ಟಲೆ ಉಳಿಯುತ್ತದೆ, ತೇವ ತಗಲಿದೊಡನೆ ಅಂಟಾಗುತ್ತದೆ.

ಪ್ಯಾಕಿಂಗ್: ಸಣ್ಣ ಉದ್ಯಮಿಗಳು ಗಮನಿಸಬೇಕಾದದ್ದು

ಕಾಫಿಯನ್ನು ಗಾಳಿಯಿಂದ ದೂರವಿಡುವ ಪ್ರಯತ್ನಕ್ಕೆ ಶತಮಾನದ ಇತಿಹಾಸವಿದೆ. 1900ರಲ್ಲಿ ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋದ ಹಿಲ್ಸ್ ಬ್ರದರ್ಸ್ ಸಂಸ್ಥೆಯು ನಿರ್ವಾತ ಡಬ್ಬಿಗಳಲ್ಲಿ ಕಾಫಿ ಮಾರಲಾರಂಭಿಸಿತು. ಬೀಜದಿಂದ ಹೊರಬರುವ ಅನಿಲವನ್ನು ಹೊರಬಿಟ್ಟು, ಹೊರಗಿನ ಗಾಳಿಯನ್ನು ಒಳಬಿಡದ ಏಕಮುಖ ಕವಾಟದ ಪೊಟ್ಟಣವನ್ನು ಮುಂದೆ ಇಟಲಿಯ ಗೋಲಿಯೋ ಸಂಸ್ಥೆ ರೂಢಿಗೆ ತಂದಿತು. ಇಂದು ಇಂತಹ ಕವಾಟವುಳ್ಳ ಪೊಟ್ಟಣಗಳು ಬೆಂಗಳೂರಿನ ಪ್ಯಾಕಿಂಗ್ ಸಾಮಗ್ರಿಯ ವ್ಯಾಪಾರಿಗಳಲ್ಲಿ ಸುಲಭವಾಗಿ ದೊರೆಯುತ್ತವೆ.

ಕಾಗದದ ಪೊಟ್ಟಣವು ಆ ದಿನದ ಸಾಗಣೆಗೆ ಮಾತ್ರ ಸಾಕು. ಸಾದಾ ಪಾಲಿಥೀನ್ ಚೀಲವು ತೇವವನ್ನು ಬಹುಮಟ್ಟಿಗೆ ತಡೆದರೂ ಆಮ್ಲಜನಕವನ್ನೂ ಪರಿಮಳವನ್ನೂ ತಡೆಯದು. ಮುಚ್ಚಿದ ಪಾಲಿಥೀನ್ ಚೀಲದ ಹೊರಗೆ ಕಾಫಿಯ ವಾಸನೆ ಬರುತ್ತಿದ್ದರೆ ಸರಕು ಸೋರುತ್ತಿದೆ ಎಂದೇ ಅರ್ಥ. ಅಲ್ಯೂಮಿನಿಯಂ ಹಾಳೆಯ ಪದರವಿರುವ ಲ್ಯಾಮಿನೇಟ್ ಪೊಟ್ಟಣವು ಗಾಳಿ, ತೇವ, ಬೆಳಕು ಈ ಮೂರನ್ನೂ ತಡೆಯುತ್ತದೆ. ಅದರ ಬೆಲೆ ಹೆಚ್ಚು. ಆದರೆ ದುಬಾರಿ ಪುಡಿಯ ಬೆಲೆಯೊಡನೆ ಹೋಲಿಸಿದರೆ ಆ ವೆಚ್ಚ ಅಲ್ಪವೇ.

ಇಲ್ಲಿ ಎರಡು ತಪ್ಪುಗಳನ್ನು ತಪ್ಪಿಸಬೇಕು. ಗಿರಣಿಯಿಂದ ಬಂದ ಬಿಸಿ ಪುಡಿಯನ್ನು ತಕ್ಷಣವೇ ಸೀಲ್ ಮಾಡುವುದು ಮೊದಲನೆಯ ತಪ್ಪು. ಬಿಸಿಯೊಡನೆ ಸೀಲಾದ ಪುಡಿಯ ಪರಿಮಳ ಬೇಗ ಕೆಡುತ್ತದೆ, ಕವಾಟವಿಲ್ಲದ ಪೊಟ್ಟಣ ಅನಿಲದಿಂದ ಉಬ್ಬುತ್ತದೆ. ಅನಿಲ ಹೋಗಲೆಂದು ಪುಡಿಯನ್ನು ಇಡೀ ದಿನ ತೆರೆದ ತಟ್ಟೆಯಲ್ಲಿ ಹರಡಿಡುವುದು ಎರಡನೆಯ ತಪ್ಪು. ಅನಿಲದ ಜೊತೆಗೆ ಪರಿಮಳವೂ ಹೋಗುತ್ತದೆ. ಹುರಿದ ಬೀಜವನ್ನು ಬೇಗನೆ ತಣಿಸಿ, ಮುಚ್ಚಿದ ಪಾತ್ರೆಯಲ್ಲಿ ಒಂದು ದಿನ ಇಟ್ಟು, ಬಳಿಕ ಪುಡಿ ಮಾಡಿ, ಬಿಸಿ ಆರಿದೊಡನೆ ಕವಾಟವುಳ್ಳ ಪೊಟ್ಟಣಗಳಲ್ಲಿ ಸೀಲ್ ಮಾಡುವುದು ಮಧ್ಯಮ ಮಾರ್ಗ.

ಪೊಟ್ಟಣದ ಮೇಲೆ ಪ್ಯಾಕ್ ಮಾಡಿದ ದಿನಾಂಕ ಹಾಗೂ ಬಳಕೆಯ ಅವಧಿ ನಮೂದಿಸುವುದು ಕಾನೂನಿನ ಅಗತ್ಯ. ಈ ಅವಧಿಯನ್ನು ಸಾಮಾನ್ಯವಾಗಿ ತಿಂಗಳುಗಳಲ್ಲಿ ಹೇಳಲಾಗುತ್ತದೆ. ಅದು ಸೀಲ್ ಒಡೆಯದ ಪೊಟ್ಟಣಕ್ಕೆ ಸಂಬಂಧಿಸಿದ ಮಾತೇ ಹೊರತು, ತೆರೆದ ನಂತರದ ರುಚಿಗೆ ಭರವಸೆಯಲ್ಲ. ಇದರ ಜೊತೆಗೆ ಹುರಿದ ದಿನಾಂಕವನ್ನೂ ಸ್ವಇಚ್ಛೆಯಿಂದ ನಮೂದಿಸಿದರೆ, ದೊಡ್ಡ ಕಂಪನಿಗಳು ಕೊಡಲಾಗದ ಒಂದು ಅನುಕೂಲವನ್ನು ಸ್ಥಳೀಯ ಉದ್ಯಮಿ ಕೊಟ್ಟಂತಾಗುತ್ತದೆ. ದೂರದ ಕಾರ್ಖಾನೆಯಿಂದ ಸಗಟು ಗೋದಾಮು, ವಿತರಕ, ಚಿಲ್ಲರೆ ಅಂಗಡಿಗಳನ್ನು ದಾಟಿ ಬರುವ ಪುಡಿಯು ವಾರದ ಹಿಂದೆ ಹುರಿದದ್ದಾಗಿರುವುದು ಅಪರೂಪ.

ದಾಸ್ತಾನು ಯಾವ ರೂಪದಲ್ಲಿರಬೇಕು?

1942ರ ಕಾಫಿ ಕಾಯಿದೆಯನ್ವಯ ಬಹುಕಾಲ ದೇಶದ ಕಾಫಿಯೆಲ್ಲ ಕಾಫಿ ಮಂಡಳಿಯ ಒಟ್ಟು ಸಂಗ್ರಹದ ಮೂಲಕವೇ ಮಾರಾಟವಾಗಬೇಕಾಗಿತ್ತು. 1990ರ ದಶಕದಲ್ಲಿ ಈ ನಿರ್ಬಂಧ ಹಂತಹಂತವಾಗಿ ಸಡಿಲಗೊಂಡು, 1996ರ ವೇಳೆಗೆ ಬೆಳೆಗಾರರಿಗೆ ಪೂರ್ಣ ಮಾರಾಟ ಸ್ವಾತಂತ್ರ್ಯ ದೊರೆಯಿತು. ಇದರ ಫಲವಾಗಿ ಸಣ್ಣ ಉದ್ಯಮಿಯೂ ಹುರಿಯದ ಬೀಜವನ್ನು ಬೆಳೆಗಾರರಿಂದಲೋ ವರ್ತಕರಿಂದಲೋ ನೇರವಾಗಿ ಕೊಳ್ಳಬಹುದಾಗಿದೆ.

ಬೆಲೆ ಇಳಿದಾಗ ದಾಸ್ತಾನು ಮಾಡಬಯಸುವವರು ಹುರಿಯದ ಬೀಜವನ್ನೇ ಮಾಡಬೇಕು. ಸೆಣಬಿನ ಚೀಲಗಳನ್ನು ನೆಲದಿಂದ ಮೇಲಕ್ಕೆ ಮರದ ಹಲಗೆಗಳ ಮೇಲೆ, ಗೋಡೆಗೆ ತಾಗದಂತೆ, ಶೇಂಗಾ ಹಿಂಡಿ, ರಸಗೊಬ್ಬರ, ಕೀಟನಾಶಕಗಳಿಂದ ದೂರದಲ್ಲಿ ಜೋಡಿಸಬೇಕು. ಇಲ್ಲಿನ ಒಣ ಹವೆ ಇದಕ್ಕೆ ಅನುಕೂಲಕರ. ಗೋದಾಮಿನ ಚಾವಣಿ ಕಾಯದಂತೆ ನೋಡಿಕೊಂಡರೆ ಸಾಕು. ಹುರಿಯುವುದನ್ನು ವಾರದ ಮಾರಾಟಕ್ಕೆ ತಕ್ಕಷ್ಟು, ಪುಡಿ ಮಾಡುವುದನ್ನು ದಿನದ ಮಾರಾಟಕ್ಕೆ ತಕ್ಕಷ್ಟು ಇಟ್ಟುಕೊಳ್ಳಬೇಕು. ಕಿರಾಣಿ ವರ್ತಕರು ಮೊದಲು ಬಂದ ಪೊಟ್ಟಣ ಮೊದಲು ಮಾರಾಟವಾಗುವಂತೆ ಜೋಡಿಸಿ, ಬೀದಿಯ ಬಿಸಿಲು ಬೀಳುವ ಮುಂಭಾಗದಲ್ಲಿ ಅವುಗಳನ್ನು ತೂಗುಹಾಕದಿರುವುದು ಅವಶ್ಯ. ಹುರಿಯುವ ಮತ್ತು ರುಚಿ ಪರೀಕ್ಷಿಸುವ ಶಾಸ್ತ್ರೀಯ ಕ್ರಮವನ್ನು ಕಲಿಯಬಯಸುವವರಿಗೆ ಕಾಫಿ ಮಂಡಳಿಯು 'ಕಾಪಿ ಶಾಸ್ತ್ರ' ಎಂಬ ತರಬೇತಿಯನ್ನು ನಡೆಸುತ್ತ ಬಂದಿದೆ.

ಕಾಲು ಕಿಲೋ ಮಾರುವುದರಿಂದ ವಹಿವಾಟು ಕುಗ್ಗುತ್ತದೆಂಬ ಆತಂಕ ಕೆಲವರಿಗಿರಬಹುದು. ಒಂದು ಮನೆಯ ತಿಂಗಳ ಬಳಕೆ ಒಂದು ಕಿಲೋ ಆಗಿದ್ದರೆ, ಅದನ್ನು ಒಮ್ಮೆಗೇ ಕೊಟ್ಟರೂ ನಾಲ್ಕು ಬಾರಿ ಕೊಟ್ಟರೂ ಮಾರಾಟ ಒಂದೇ. ವ್ಯತ್ಯಾಸವಿರುವುದು ಗ್ರಾಹಕರು ಅಂಗಡಿಗೆ ಬರುವ ಸಂಖ್ಯೆಯಲ್ಲಿ. ತಿಂಗಳಿಗೊಮ್ಮೆ ಬರುತ್ತಿದ್ದವರು ನಾಲ್ಕು ಬಾರಿ ಬರುತ್ತಾರೆ. ಬಂದಾಗ ಸಕ್ಕರೆಯನ್ನೂ ಬಿಸ್ಕತ್ತನ್ನೂ ಕೊಳ್ಳುತ್ತಾರೆ. ಪೊಟ್ಟಣ ಕಟ್ಟಿಕೊಡುವಾಗ "ಬಿಗಿ ಡಬ್ಬಿಯಲ್ಲಿ, ಒಲೆಯಿಂದ ದೂರ ಇಡಿ, ಹದಿನೈದು ದಿನದೊಳಗೆ ಮುಗಿಸಿ" ಎಂದು ಹೇಳಲು, ಅಥವಾ ಅಷ್ಟನ್ನೇ ಕನ್ನಡದಲ್ಲಿ ಅಚ್ಚು ಹಾಕಿಸಿದ ಚೀಟಿಯೊಂದನ್ನು ಅಂಟಿಸಲು ತಗಲುವ ವೆಚ್ಚ ನಗಣ್ಯ. ಹುರಿದ ದಿನಾಂಕವನ್ನೂ ಈ ಸೂಚನೆಯನ್ನೂ ಹೊತ್ತ ಪೊಟ್ಟಣವು ಸಪ್ಪೆ ಕಾಫಿಯ ಅಪವಾದದಿಂದ ಅಂಗಡಿಯ ಹೆಸರನ್ನು ಕಾಪಾಡುತ್ತದೆ.